ಭಾನುವಾರದ ನಂಬಿಕೆ ಸೋಮವಾರ ಅಂಗಡಿಗೆ ಬರುತ್ತಿಲ್ಲ, ಏನು ಮಾಡಲಿ?

ತೊಗರಿಕಣಜ (ಕಲಬುರಗಿ)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಹೇಳಿ.

ವಯಸ್ಸು 36. ಗಂಜ್‌ನ, ಅಂದರೆ ಧಾನ್ಯ ಮಾರುಕಟ್ಟೆಯ, ಒಂದು ಅಡತಿ (ದಲಾಲಿ) ಅಂಗಡಿಯಲ್ಲಿ 11 ವರ್ಷದಿಂದ ಲೆಕ್ಕ ಬರೆಯುತ್ತೇನೆ. ನಮ್ಮದು ಮೆಥೋಡಿಸ್ಟ್ ಪಂಥದ ಕ್ರೈಸ್ತ ಮನೆ. ಅಪ್ಪ ಹುಮನಾಬಾದ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದವರು. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ನವೆಂಬರ್‌ನಲ್ಲಿ ತೆಲಂಗಾಣದ ಧಾರೂರಿನ ಮೆಥೋಡಿಸ್ಟ್ ಜಾತ್ರೆಗೆ ಹೋಗುತ್ತೇವೆ. ಅಲ್ಲಿಂದ ಬರುವಾಗ ಮನಸ್ಸು ತುಂಬಿರುತ್ತದೆ, ಇನ್ನು ಮೇಲೆ ಬೇರೆ ಮನುಷ್ಯನಾಗಿ ಬದುಕಬೇಕು ಅನಿಸುತ್ತದೆ. ಎರಡು ವಾರ, ಅಷ್ಟೇ. ಡಿಸೆಂಬರ್ ಕೊನೆಗೆ ಹೊಸ ತೊಗರಿ ಬರಲು ಶುರುವಾದರೆ ನಾನು ಮತ್ತೆ ಹಳೆಯ ಮನುಷ್ಯ.

ವಿಷಯ ಇದು. ರೈತರು ಮಾಲು ತಂದಾಗ ತೂಕ, ದುಡ್ಡಿನ ಪಟ್ಟಿ ಬರೆಯುವವನು ನಾನು. ಕ್ವಿಂಟಲಿಗೆ ಒಂದು ಕಿಲೋ ಕಳೆದು ಬರೆ ಎನ್ನುವುದು ನಮ್ಮ ಅಂಗಡಿಯ ರೂಢಿ. ಧೂಳು ಅಂತಾರೆ, ತೇವ ಅಂತಾರೆ. ಖಾಲಿ ಚೀಲದ ತೂಕ ಬೇರೆ ಕಳೆದೇ ಇರುತ್ತೇವೆ. ಅಂದರೆ ಇದು ಸುಮ್ನೆ ಹೋಗುವ ಕಿಲೋ. ರೈತನಿಗೂ ಗೊತ್ತು, ನನಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮೊದಲ ವರ್ಷ ಬರೆಯುವಾಗ ಕೈ ನಡುಗುತ್ತಿತ್ತು. ಈಗ ನಡುಗುವುದಿಲ್ಲ. ನನಗೆ ಹೆದರಿಕೆ ಆಗುವುದು ಅದಕ್ಕೇ.

ಮನೆಯ ಕಥೆಯೂ ಬೇರೆಯಲ್ಲ. ನನ್ನ ಹೆಂಡತಿ ನರ್ಸ್, ಡ್ಯೂಟಿ ಹಗಲು-ರಾತ್ರಿ ಬದಲಾಗುತ್ತಿರುತ್ತದೆ. ನಾನು ಸೀಸನ್‌ನಲ್ಲಿ ರಾತ್ರಿ ಒಂಬತ್ತೂವರೆಗೆ ಬರುತ್ತೇನೆ. ಬಂದವನೇ ಮಕ್ಕಳ ಮೇಲೆ ರೇಗುತ್ತೇನೆ. ಅಪ್ಪನ ಕಾಲದಲ್ಲಿ ಕುಟುಂಬ ಪ್ರಾರ್ಥನೆ ಎಂದರೆ ಒಂದು ತಾಸು, ಹಾಡು, ವಾಕ್ಯ, ಮೊಣಕಾಲೂರಿ ಪ್ರಾರ್ಥನೆ. ನಮ್ಮ ಮನೆಯಲ್ಲಿ ಅದು ನಿಂತು ನಾಲ್ಕು ವರ್ಷವಾಯಿತು. ಹೋದ ವರ್ಷ ಅಮ್ಮ ತೀರಿಕೊಂಡರು. ಎಷ್ಟು ಪ್ರಾರ್ಥನೆ ಮಾಡಿದೆವು, ಎಷ್ಟು ಜನ ಕೈ ಇಟ್ಟು ಪ್ರಾರ್ಥಿಸಿದರು. ಆಮೇಲೆ ನನ್ನೊಳಗೆ ಏನೋ ಸಡಿಲವಾಯಿತು, ಅದನ್ನು ಯಾರ ಹತ್ತಿರವೂ ಹೇಳಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮದು ಅಪ್ಪ ಕಟ್ಟಿಸಿದ ಎರಡು ಕೋಣೆಯ ಮನೆ, ಊರ ಹೊರಗಿನ ಬಡಾವಣೆಯಲ್ಲಿ, ಕೆಳಗೆ ಪೂರ್ತಿ ಎರೆ ಮಣ್ಣು. ಹಿಂದಿನ ಗೋಡೆಯಲ್ಲಿ ಒಂದು ಬಿರುಕು ಇದೆ. ಪ್ರತಿ ಕ್ರಿಸ್ಮಸ್‌ಗೆ ಸಿಮೆಂಟ್ ತುಂಬಿ ಬಣ್ಣ ಹೊಡೆಯುತ್ತೇನೆ, ಪ್ರತಿ ಏಪ್ರಿಲ್‌ನಲ್ಲಿ ಅದು ಮತ್ತೆ ಅಲ್ಲೇ ಬಾಯಿ ಬಿಡುತ್ತದೆ. ಹೋದ ಭಾನುವಾರ ನಮ್ಮ ಪಾಸ್ಟರ್ ಮತ್ತಾಯ 7ರಿಂದ ಬಂಡೆಯ ಮೇಲೆ ಮನೆ ಕಟ್ಟಿದವನ ಬಗ್ಗೆ ಬೋಧಿಸಿದರು. ಮನೆಗೆ ಬಂದು ಆ ಬಿರುಕಿನ ಮುಂದೆ ನಿಂತೆ. ನನ್ನ ನಂಬಿಕೆ ಗೋಡೆಯ ಬಣ್ಣದ ಹಾಗೆ ಇದೆ, ಕೆಳಗೆ ಇಲ್ಲ ಅನಿಸಿತು.

ದಿನದ ಬದುಕನ್ನು ನಂಬಿಕೆಯ ಮೇಲೆ ನಿಲ್ಲಿಸುವುದು ಎಂದರೆ ನಿಜವಾಗಿ ಏನು ಮಾಡುವುದು? ಬೋಧನೆ ಬೇಡ, ನೀವು ನಿಮ್ಮ ಮನೆಯಲ್ಲಿ, ಕೆಲಸದಲ್ಲಿ ಏನು ಮಾಡುತ್ತೀರಿ ಅದನ್ನು ಹೇಳಿ.

ಗೌಂಡಿ_ಬೀದರ

ತಮ್ಮಾ, ನಾನು ಗೌಂಡಿ. 27 ವರ್ಷದಿಂದ ಇದೇ ಕೆಲಸ. ಮೊದಲು ನಿನ್ನ ಗೋಡೆಯ ಮಾತು ಹೇಳುತ್ತೇನೆ, ನನಗೆ ಚೆನ್ನಾಗಿ ಗೊತ್ತಿರುವುದು ಅದು.

ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದನ್ನು ನೋಡಿದ್ದೀಯಲ್ಲ. ಅದರ ಮೇಲೆ ಕೂತ ಬುನಾದಿ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ನಮ್ಮ ಬೀದರಿನಲ್ಲಿ ಈ ಕಷ್ಟ ಕಡಿಮೆ, ಕೆಂಪು ಜಂಬಿಟ್ಟಿಗೆ ಕಲ್ಲು ಮೇಲೆಯೇ ಸಿಗುತ್ತದೆ, ಕೋಟೆಯ ಕಂದಕವನ್ನೇ ಅದರಲ್ಲಿ ಕೊರೆದಿದ್ದಾರೆ. ಕಮಲಾಪುರ ದಾಟಿ ನಿಮ್ಮ ಕಡೆ ಬಂದರೆ ಕರಿ ಮಣ್ಣು. ಅಲ್ಲಿ ಮುರುಮ್, ಅಂದರೆ ಗಟ್ಟಿ ಗರಸು ಮಣ್ಣು, ಸಿಗುವ ತನಕ ಅಗೆಯಬೇಕು, ಕೆಲವು ಕಡೆ ನಾಲ್ಕು ಅಡಿ, ಕೆಲವು ಕಡೆ ಏಳು ಅಡಿ ಹೋದರೂ ಕರಿ ಮಣ್ಣೇ. ಆಗ ಮನೆಯವರು ಸಾಕು ಬಿಡ್ರಿ ಅನ್ನುತ್ತಾರೆ. ಮಣ್ಣಿನೊಳಗೆ ಹೋಗುವ ದುಡ್ಡು ಯಾರಿಗೂ ಕಾಣುವುದಿಲ್ಲ, ಟೈಲ್ಸ್ ಬಂದ ನೆಂಟರಿಗೆಲ್ಲ ಕಾಣುತ್ತದೆ. ನಿಮ್ಮ ಅಪ್ಪನ ಮನೆಗೂ ಹಾಗೇ ಆಗಿರಬೇಕು, ಅದು ಅವರ ತಪ್ಪಲ್ಲ, ಕೈಯಲ್ಲಿ ಎಷ್ಟಿತ್ತೋ ಅಷ್ಟು.

ಈಗ ವಾಕ್ಯ. ಮತ್ತಾಯನಲ್ಲಿ ಬಂಡೆ ಮತ್ತು ಮರಳು ಇದೆ. ನೀನು ಲೂಕ 6:48 ಕೂಡ ಓದು. ಅಲ್ಲಿ ಆ ಮನುಷ್ಯ ಆಳವಾಗಿ ಅಗೆದು ಬಂಡೆಯ ಮೇಲೆ ಬುನಾದಿ ಹಾಕಿದ ಎಂದಿದೆ. ಇನ್ನೊಬ್ಬ ಬುನಾದಿಯೇ ಇಲ್ಲದೆ ಮಣ್ಣಿನ ಮೇಲೆ ಗೋಡೆ ಎಬ್ಬಿಸಿದ. ನಾನು ಗೌಂಡಿಯಾಗಿ ಅದನ್ನು ಓದಿದಾಗ ನನಗೆ ಕಣ್ಣಿಗೆ ಬಿದ್ದದ್ದು ಅಗೆದ ಎಂಬ ಆ ಒಂದು ಮಾತು. ಯೇಸು ಸ್ವಾಮಿಯನ್ನು ನಾವು ಬಡಗಿ ಅನ್ನುತ್ತೇವೆ, ಆದರೆ ಅಲ್ಲಿರುವ ಗ್ರೀಕ್ ಪದಕ್ಕೆ ಮನೆ ಕಟ್ಟುವವನು ಎಂಬ ಅರ್ಥವೂ ಇದೆಯಂತೆ. ನನಗೆ ಅದನ್ನು ಕೇಳಿ ಬಹಳ ಸಂತೋಷವಾಯಿತು. ಕೆಲಸ ಗೊತ್ತಿರುವವನ ಮಾತು ಅದು, ಅಗೆಯುವ ಬೆವರು ಗೊತ್ತಿರುವವನ ಮಾತು. ಮತ್ತೆ ಇಬ್ಬರೂ ಮಾತು ಕೇಳಿದವರೇ, ಗಮನಿಸು. ಒಬ್ಬ ಕೇಳಿದ ಹಾಗೆ ನಡೆದ, ಒಬ್ಬ ನಡೆಯಲಿಲ್ಲ. ಅಷ್ಟೇ ವ್ಯತ್ಯಾಸ. ಇಬ್ಬರೂ ಭಾನುವಾರ ಒಂದೇ ಬೆಂಚಿನ ಮೇಲೆ ಕೂರುವವರು ಎಂದಿಟ್ಟುಕೋ.

ನಾನು ಅಗೆದದ್ದು ಎಲ್ಲಿ ಎಂದು ಹೇಳುತ್ತೇನೆ. ನಮ್ಮಲ್ಲಿ ಕೂಲಿಯವರ ಒಂದು ವಾರದ ದುಡ್ಡು ಹಿಡಿದಿಟ್ಟುಕೊಳ್ಳುವ ರೂಢಿ ಇದೆ. ಶನಿವಾರ ಪೂರ್ತಿ ಕೊಟ್ಟರೆ ಸೋಮವಾರ ಬೇರೆ ಸೈಟಿಗೆ ಹೋಗಿಬಿಡುತ್ತಾರೆ ಎಂದು. ನಾನೂ ಹಾಗೇ ಮಾಡುತ್ತಿದ್ದೆ, ತಪ್ಪು ಅಂತಲೂ ಅನಿಸಿರಲಿಲ್ಲ. ಒಂದು ಸಲ ಯಾಜಕಕಾಂಡ 19:13 ಓದಿದೆ, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಎಂದಿದೆ. ಬೆಳಗಿನ ತನಕ! ನಾನು ಏಳು ದಿನ ಇಟ್ಟುಕೊಳ್ಳುತ್ತಿದ್ದೆ. ಮೂರು ತಿಂಗಳು ಆ ವಚನ ನನ್ನ ಹಿಂದೆಯೇ ತಿರುಗಿತು. ನಮ್ಮ ಸೈಟಿನ ಒಬ್ಬ ಅಕ್ಕ ಮಗುವಿನ ಜ್ವರಕ್ಕೆ ದುಡ್ಡು ಕೇಳಿದಾಗ, ಅದು ಅವಳದೇ ದುಡ್ಡು, ನಾನು ಉಪಕಾರ ಮಾಡುವವನ ಹಾಗೆ ತೆಗೆದುಕೊಟ್ಟೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಮುಂದಿನ ಶನಿವಾರ ಹಳೆಯದು ಹೊಸದು ಎಲ್ಲ ಚುಕ್ತಾ ಮಾಡಿದೆ. ನಷ್ಟ ಆಯಿತಾ? ಆಯಿತು. ಮೊದಲ ತಿಂಗಳಲ್ಲಿ ಮೂವರು ಬಿಟ್ಟು ಹೋದರು, ಒಂದು ಸ್ಲ್ಯಾಬ್ ನಾಲ್ಕು ದಿನ ತಡವಾಯಿತು, ಮಾಲೀಕರಿಂದ ಬೈಸಿಕೊಂಡೆ. ಈಗಲೂ ಆಗಾಗ ಯಾರಾದರೂ ಹೋಗುತ್ತಾರೆ. ದೇವರು ಎರಡರಷ್ಟು ಕೊಟ್ಟರು ಎಂದು ಸಾಕ್ಷಿ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಶನಿವಾರ ಸಂಜೆ ಕೈಕಾಲು ತೊಳೆದು ಪ್ರಾರ್ಥನೆಗೆ ಕೂತರೆ ಯಾರ ಮುಖವೂ ನಡುವೆ ಬಂದು ನಿಲ್ಲುವುದಿಲ್ಲ.

ನಿನ್ನ ಅಗೆಯುವ ಜಾಗ ಯಾವುದು ಎಂದು ನೀನೇ ಬರೆದಿದ್ದೀಯ. ಆ ಒಂದು ಕಿಲೋ.

ಆಳಂದ_ರೈತನ_ಮಗ

ನಾನು ಕ್ರೈಸ್ತನಲ್ಲ. ನಮ್ಮದು ಶರಣರ ಮನೆ, ಆದರೂ ಈ ಚರ್ಚೆ ಕಣ್ಣಿಗೆ ಬಿತ್ತು, ಸುಮ್ಮನಿರಲು ಆಗಲಿಲ್ಲ.

ತೊಗರಿಕಣಜ ಅವರೇ, ನೀವು ಒಂದು ಕಿಲೋ ಅಂದಿರಿ. ನಾನು ಲೆಕ್ಕ ಹೇಳುತ್ತೇನೆ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ದರಕ್ಕೆ ಹಿಡಿದರೆ ಒಂದು ಕಿಲೋಗೆ 80. ನಮ್ಮಪ್ಪ 20 ಕ್ವಿಂಟಲ್ ತಂದರೆ 1,600 ರೂಪಾಯಿ ಹೋಯಿತು. ಜೂನ್‌ನಲ್ಲಿ ಬಿತ್ತಿ ಜನವರಿಗೆ ರಾಶಿ ಮಾಡುವ ತನಕ ಎಷ್ಟು ಸಲ ಔಷಧಿ ಹೊಡೆಯಬೇಕು, ನೆಟೆ ರೋಗ ಬಂದರೆ ನಿಂತ ಗಿಡ ನಿಂತ ಹಾಗೇ ಒಣಗುತ್ತದೆ, ಅದೆಲ್ಲ ದಾಟಿ ಗಂಜ್‌ಗೆ ಬಂದ ಮೇಲೆ ಪೆನ್ನಿನ ತುದಿಯಲ್ಲಿ ಹೋಗುವುದು. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಈ ಭಾಗದ್ದೇ ಬೆಳೆ ಎಂಬ ಸರ್ಕಾರದ ಗುರುತು) ಬಂದಾಗ ಅಪ್ಪ ಪೇಪರ್ ಕತ್ತರಿಸಿ ಗೋಡೆಗೆ ಅಂಟಿಸಿದ್ದರು.

ನಮ್ಮಲ್ಲಿ ಕಾಯಕ ಅನ್ನುತ್ತೇವೆ. ಕೈಯಲ್ಲಿರುವ ಕೆಲಸ ಶುದ್ಧವಿಲ್ಲದಿದ್ದರೆ ಪೂಜೆ ಎಷ್ಟು ಮಾಡಿದರೂ ಅಷ್ಟೇ. ನಿಮ್ಮಲ್ಲೂ ಅದನ್ನೇ ಹೇಳುತ್ತಿದ್ದಾರೆ ಅಂತ ಮೇಲಿನ ಅಣ್ಣನವರ ಮಾತು ಓದಿ ತಿಳಿಯಿತು. ನೀವು ಒಪ್ಪಿಕೊಂಡು ಬರೆದದ್ದಕ್ಕೆ ನನಗೆ ಗೌರವ ಇದೆ. ಆದರೆ ಕೆಲಸ ಬಿಡಿ. ಮತ್ತೆ ದೇವರು ಕ್ಷಮಿಸಬಹುದು, ಆ 1,600 ರೂಪಾಯಿ?

ತೊಗರಿಕಣಜ (ಕಲಬುರಗಿ)

ಆಳಂದದ ಸಹೋದರರೇ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಮೂರು ಸಲ ಓದಿದೆ. ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಕೆಲಸ ಬಿಡುವುದು ಹೇಳಿದಷ್ಟು ಸುಲಭ ಇಲ್ಲ. ಇಬ್ಬರು ಮಕ್ಕಳ ಶಾಲೆ, ಅಮ್ಮನ ಆಸ್ಪತ್ರೆಯ ಸಾಲ ಇನ್ನೂ ಇದೆ. ನೆಪ ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಯಾದಗಿರಿ_ಅಕ್ಕ

ಬ್ರದರ್, ಅಂಗಡಿಯ ಮಾತು ಗಂಡಸರು ಹೇಳುತ್ತಿದ್ದಾರೆ, ನಾನು ಮನೆಯ ಮಾತು ಹೇಳುತ್ತೇನೆ. ನಾನು ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ಮನೆಯಲ್ಲಿ ಅತ್ತೆ, ಗಂಡ, ಮೂರು ಮಕ್ಕಳು.

ನಮ್ಮ ಮನೆಯಲ್ಲೂ ಕುಟುಂಬ ಪ್ರಾರ್ಥನೆ ನಿಂತಿತ್ತು. ಯಾಕೆ ನಿಂತಿತು ಎಂದರೆ ಅಪ್ಪ-ಅಮ್ಮನ ಹಾಗೆ ಒಂದು ತಾಸು ಮಾಡಬೇಕು ಎಂದು ಹೊರಡುತ್ತಿದ್ದೆವು, ನಾಲ್ಕು ದಿನ ಮಾಡಿ ಸೋಲುತ್ತಿದ್ದೆವು, ಸೋತ ನಾಚಿಕೆಗೆ ಎರಡು ತಿಂಗಳು ಬಿಡುತ್ತಿದ್ದೆವು. ಈಗ ಹತ್ತು ನಿಮಿಷ. ರಾತ್ರಿ ಊಟ ಆದ ಮೇಲೆ, ತಾಟು ಎತ್ತುವ ಮೊದಲು, ಕೂತ ಜಾಗದಲ್ಲೇ. ಎದ್ದರೆ ಮುಗಿಯಿತು, ಒಬ್ಬರು ಫೋನ್ ಹಿಡಿಯುತ್ತಾರೆ, ಒಬ್ಬರು ಮಲಗುತ್ತಾರೆ. ಒಂದು ಸಣ್ಣ ಭಾಗ ಓದುತ್ತೇವೆ, ಇವತ್ತು ಏನಾಯಿತು ಎಂದು ಒಬ್ಬೊಬ್ಬರೂ ಒಂದು ಮಾತು ಹೇಳುತ್ತೇವೆ, ಆ ಮಾತಿಗೇ ಪ್ರಾರ್ಥನೆ. ಧರ್ಮೋಪದೇಶಕಾಂಡ 6ರಲ್ಲಿ ಮಕ್ಕಳಿಗೆ ಕಲಿಸುವುದರ ಬಗ್ಗೆ ಬರುತ್ತದಲ್ಲ, ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಎಂದು. ಅದರಲ್ಲಿ ಬೇರೆ ಸಮಯ ತೆಗೆದಿಡು ಅಂತ ಎಲ್ಲೂ ಇಲ್ಲ, ಇರುವ ಸಮಯದಲ್ಲೇ ಮಾತಾಡು ಅಂತ ಇದೆ. ನಿಮ್ಮ ಮನೆಯವರಿಗೆ ರಾತ್ರಿ ಡ್ಯೂಟಿ ಇದ್ದರೆ ಬೆಳಿಗ್ಗೆ ಚಹಾದ ಹೊತ್ತಿಗೆ ಮಾಡಿ. ಸೀಸನ್‌ನಲ್ಲಿ ನೀವಿಬ್ಬರೂ ಇಲ್ಲದಿದ್ದರೆ ದೊಡ್ಡ ಮಗು ಓದಲಿ. ನಮ್ಮ ಮನೆಯಲ್ಲಿ ಎಷ್ಟೋ ಸಲ ಏಳು ವರ್ಷದವಳೇ ಮುಗಿಸಿದ್ದಾಳೆ.

ನನ್ನ ಸ್ವಂತ ಪ್ರಾರ್ಥನೆ ಬೆಳಿಗ್ಗೆ ಐದಕ್ಕೆ ರೊಟ್ಟಿ ಬಡಿಯುವಾಗ. ಮೆಥೋಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯವರ ತಾಯಿ ಸುಸಾನಾ ಅವರಿಗೆ 19 ಮಕ್ಕಳು ಹುಟ್ಟಿ ಉಳಿದದ್ದು 10. ಆ ಗದ್ದಲದಲ್ಲಿ ಅವರು ತಲೆಯ ಮೇಲೆ ಏಪ್ರನ್ ಎಳೆದುಕೊಂಡು ಪ್ರಾರ್ಥನೆ ಮಾಡುತ್ತಿದ್ದರು, ಆಗ ಮಕ್ಕಳು ಹತ್ತಿರ ಬರುತ್ತಿರಲಿಲ್ಲ ಎಂದು ಹೇಳುತ್ತಾರೆ. ನಾವು ಸೆರಗು ಹೊದ್ದುಕೊಳ್ಳುವುದಿಲ್ಲವೇ, ಹಾಗೇ ಇರಬೇಕು. ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವಿನ ಜೊತೆ ಕೂತು ಮಾತಾಡುತ್ತಿದ್ದರಂತೆ, ಜಾನ್‌ಗೆ ಗುರುವಾರ. ನನಗೆ ಅಷ್ಟು ಆಗುವುದಿಲ್ಲ. ಭಾನುವಾರ ಚರ್ಚಿನಿಂದ ನಡೆದು ಬರುವಾಗ ಒಂದು ಮಗುವಿನ ಕೈ ಹಿಡಿಯುತ್ತೇನೆ, ಮುಂದಿನ ವಾರ ಇನ್ನೊಂದು.

ಇನ್ನೊಂದು ಹೇಳಬೇಕು, ಬರೆಯಲು ಕಷ್ಟ. ಎರಡು ವರ್ಷದ ಹಿಂದೆ ಕ್ರಿಸ್ಮಸ್ ಬಟ್ಟೆಗೆ, ಮನೆ ಸುಣ್ಣ-ಬಣ್ಣಕ್ಕೆ ಎಂದು ಗಂಡನಿಗೆ ಹೇಳದೆ ಒಂದು ಗುಂಪಿನಲ್ಲಿ ಸಾಲ ತೆಗೆದೆ. ವಾರವಾರ ಕಂತು. ಕಂತು ಮುಚ್ಚಲು ಇನ್ನೊಂದು ಸಾಲ. ಗಂಡನ ಹತ್ತಿರ ಒಂದು ಸುಳ್ಳು, ಅತ್ತೆಯ ಹತ್ತಿರ ಇನ್ನೊಂದು. ಆ ವರ್ಷ ನಮ್ಮ ಮನೆಯ ನಕ್ಷತ್ರ ಓಣಿಯಲ್ಲೇ ದೊಡ್ಡದು. ಒಳಗೆ ನಾನು ನಿದ್ದೆ ಮಾಡುತ್ತಿರಲಿಲ್ಲ. ಮಾರ್ಚ್‌ನಲ್ಲಿ ಒಂದು ರಾತ್ರಿ ಆ ತಾಟಿನ ಮುಂದಿನ ಪ್ರಾರ್ಥನೆಯಲ್ಲಿ ಇವತ್ತು ಏನಾಯಿತು ಎಂದು ಹೇಳುವ ಸರದಿ ನನ್ನದು ಬಂತು, ಅಳು ಬಂದುಬಿಟ್ಟಿತು. ಮಕ್ಕಳು ಮಲಗಿದ ಮೇಲೆ ಗಂಡನಿಗೆ ಎಲ್ಲ ಹೇಳಿದೆ. ಅವರು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಇಬ್ಬರೂ ಕೂತು ನೋಟ್‌ಬುಕ್‌ನಲ್ಲಿ ಬರೆದೆವು, 14 ತಿಂಗಳಲ್ಲಿ ತೀರಿಸಿದೆವು. ಹೋದ ಕ್ರಿಸ್ಮಸ್‌ಗೆ ಹೊಸ ಬಟ್ಟೆ ಮಕ್ಕಳಿಗೆ ಮಾತ್ರ. ಅದಕ್ಕೇ ಹೇಳುತ್ತಿದ್ದೇನೆ, ಮೊದಲು ನಿಮ್ಮ ಹೆಂಡತಿಗೆ ಆ ಕಿಲೋದ ವಿಷಯ ಹೇಳಿ. ಅವರಿಗೆ ಗೊತ್ತಿಲ್ಲ ಅಂತ ನನಗೆ ಅನಿಸುತ್ತಿದೆ.

ಅಮ್ಮನ ವಿಷಯ. ನನ್ನ ತವರು ಭೀಮಾ ದಂಡೆಯ ಹಳ್ಳಿ. 2020ರ ಅಕ್ಟೋಬರ್‌ನಲ್ಲಿ ನೀರು ಬಂದಾಗ ನಾನು ಅಲ್ಲೇ ಇದ್ದೆ. ರಾತ್ರಿ ನೀರು ಹೊಸ್ತಿಲಿಗೆ ಬಂತು, ಮಕ್ಕಳನ್ನು ಎತ್ತಿಕೊಂಡು ಕಾಳಜಿ ಕೇಂದ್ರಕ್ಕೆ ಹೋದೆವು, ಐದು ದಿನ ಶಾಲೆಯ ಕೋಣೆಯಲ್ಲಿ. ಪ್ರಾರ್ಥನೆ ಮಾಡಿದವರ ಮನೆಗೂ ನೀರು ಬಂತು, ಮಾಡದವರ ಮನೆಗೂ ಬಂತು. ನಿಮ್ಮ ಪಾಸ್ಟರ್ ಓದಿದ ಮತ್ತಾಯ 7ರಲ್ಲೂ ಹಾಗೇ ಇದೆ, ಮಳೆ ಸುರಿದದ್ದು, ಪ್ರವಾಹ ಬಂದದ್ದು, ಗಾಳಿ ಬೀಸಿದ್ದು ಎರಡೂ ಮನೆಗೆ. ಬಂಡೆಯ ಮೇಲೆ ಕಟ್ಟಿದವನಿಗೆ ಮಳೆ ಬರುವುದಿಲ್ಲ ಎಂದು ಯೇಸು ಸ್ವಾಮಿ ಹೇಳಲೇ ಇಲ್ಲ. ಇದು ನನಗೆ ಆ ಶಾಲೆಯ ಕೋಣೆಯಲ್ಲಿ ತಿಳಿಯಿತು. ನಿಮ್ಮ ಅಮ್ಮನಿಗೆ ಗುಣವಾಗಲಿಲ್ಲ ಎಂದರೆ ನಿಮ್ಮ ನಂಬಿಕೆ ಕಡಿಮೆ ಇತ್ತು ಎಂದು ಯಾರಾದರೂ ಹೇಳಿದ್ದರೆ ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಅತ್ತುಬಿಡಿ ಬ್ರದರ್. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಸ್ವಾಮಿಯೇ ಅತ್ತಿದ್ದಾರೆ.

ಆಟೋ_ಕಲಬುರಗಿ

ನಾವು ಕ್ಯಾಥೋಲಿಕ್. ಆಟೋ ಓಡಿಸುತ್ತೇನೆ. ಅಕ್ಕ ಬರೆದದ್ದು ಓದಿ ಸ್ಟ್ಯಾಂಡಿನಲ್ಲೇ ಕಣ್ಣು ಒದ್ದೆಯಾಯಿತು.

ನನಗೆ ಉಪಯೋಗವಾದದ್ದು ಒಂದೇ ಹೇಳುತ್ತೇನೆ. ಇದನ್ನು ಲೊಯೋಲಾದ ಸಂತ ಇಗ್ನೇಷಿಯಸ್ ಕಲಿಸಿದ್ದು, 16ನೇ ಶತಮಾನದಲ್ಲಿ. ದಿನದ ಆತ್ಮಶೋಧನೆ. ನಮ್ಮ ಫಾದರ್ ಒಂದು ಧ್ಯಾನಕೂಟದಲ್ಲಿ ಹೇಳಿಕೊಟ್ಟರು. ಮೊದಲು ದೇವರಿಗೆ ಥ್ಯಾಂಕ್ಸ್ ಹೇಳುವುದು, ಆಮೇಲೆ ಬೆಳಕು ಕೊಡಿ ಎಂದು ಕೇಳುವುದು, ಆಮೇಲೆ ಬೆಳಿಗ್ಗೆಯಿಂದ ಒಂದೊಂದು ತಾಸನ್ನೂ ನೆನಪು ಮಾಡಿಕೊಳ್ಳುವುದು, ತಪ್ಪಿಗೆ ಕ್ಷಮೆ ಕೇಳುವುದು, ನಾಳೆಗೆ ಒಂದು ತೀರ್ಮಾನ. ನಾನು ರಾತ್ರಿ ಆಟೋ ಆಫ್ ಮಾಡಿ, ಮನೆಯೊಳಗೆ ಹೋಗುವ ಮೊದಲು ಸೀಟಿನ ಮೇಲೇ ಕೂತು ಮಾಡುತ್ತೇನೆ. ಬಸ್ ಸ್ಟ್ಯಾಂಡ್‌ನಿಂದ ಹತ್ತಿದ ಹೊಸಬರ ಹತ್ತಿರ ಜಾಸ್ತಿ ತೆಗೆದುಕೊಂಡದ್ದು, ಆಸ್ಪತ್ರೆಗೆ ಹೋಗುವ ಅಜ್ಜಿಗೆ ಒರಟಾಗಿ ಮಾತಾಡಿದ್ದು, ಎಲ್ಲ ಅಲ್ಲಿ ಎದುರಿಗೆ ಬರುತ್ತದೆ. ನೀವು ಕೈ ನಡುಗುವುದಿಲ್ಲ ಎಂದು ಬರೆದಿರಿ. ನನಗೆ ಇದನ್ನು ಶುರು ಮಾಡಿದ ಮೇಲೆ ಮತ್ತೆ ನಡುಗಲು ಶುರುವಾಯಿತು. ಮನೆಯೊಳಗೆ ಹೋಗುವ ಮೊದಲೇ ಮಾಡಿ, ಆಗ ಹೊರಗಿನ ಸಿಟ್ಟು ಮಕ್ಕಳ ಮೇಲೆ ಹೋಗುವುದಿಲ್ಲ.

ನಿವೃತ್ತ_ಮಾಸ್ತರ (ಬೀದರ)

ಕೆಲಸ ಬಿಡಿ ಎಂಬ ಮಾತಿನ ಬಗ್ಗೆ. ಲೂಕ 3ರಲ್ಲಿ ಸುಂಕದವರು ಸ್ನಾನಿಕನಾದ ಯೋಹಾನನ ಹತ್ತಿರ ಬಂದು ನಾವೇನು ಮಾಡಬೇಕು ಎಂದು ಕೇಳುತ್ತಾರೆ. ನೀನು ಕೇಳಿದ್ದೂ ಅದೇ ಪ್ರಶ್ನೆ, ಮಗಾ. ಅವರಿಗೆ ಸುಂಕದ ಕೆಲಸ ಬಿಡಿ ಎಂದು ಯೋಹಾನ ಹೇಳಲಿಲ್ಲ. ನಿಮಗೆ ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ತೆಗೆದುಕೊಳ್ಳಬೇಡಿ ಎಂದ. ಮೊದಲು ಅದನ್ನು ಪ್ರಯತ್ನ ಮಾಡು. ಅದಕ್ಕೆ ಅಂಗಡಿ ಒಪ್ಪದಿದ್ದರೆ ಆಮೇಲೆ ಬೇರೆ ಮಾತು.

ಆಳಂದದ ಹುಡುಗ ಕೇಳಿದ 1,600 ರೂಪಾಯಿಯ ಪ್ರಶ್ನೆಗೂ ಉತ್ತರ ಇದೆ. ಸುಂಕದವರ ಮುಖ್ಯಸ್ಥ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಅರಣ್ಯಕಾಂಡ 5:7ರಲ್ಲಿ ತೆಗೆದುಕೊಂಡದ್ದನ್ನು ಪೂರ್ತಿ ಕೊಟ್ಟು, ಅದರ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು ಎಂದಿದೆ. ಕಿಲೋ ತಿಂದದ್ದು ಅಂಗಡಿ, ಆದರೆ ಬರೆದ ಕೈ ನಿನ್ನದು. ಎಲ್ಲರಿಗೂ ಕೊಡಲು ನಿನ್ನಿಂದ ಆಗುವುದಿಲ್ಲ. ಒಬ್ಬರಿಂದ ಶುರು ಮಾಡು.

ಇನ್ನೊಂದು, ನೀನು ಜಾತ್ರೆಯ ಬಗ್ಗೆ ಬರೆದದ್ದು. ಧಾರೂರು ಜಾತ್ರೆ 1923ರಿಂದ ನಡೆಯುತ್ತಿದೆ, ನನ್ನ ಅಜ್ಜ ಎತ್ತಿನ ಬಂಡಿಯಲ್ಲಿ ಹೋಗುತ್ತಿದ್ದರು. ಅಲ್ಲಿ ಮನಸ್ಸು ತುಂಬುವುದು ಸುಳ್ಳಲ್ಲ. ಆದರೆ ಅದು ಎರಡು ವಾರಕ್ಕೆ ಇಳಿದರೆ ಜಾತ್ರೆಯ ತಪ್ಪಲ್ಲ, ಮರಳಿ ಬಂದ ಮೇಲೆ ನಿನ್ನನ್ನು ಕೇಳುವವರು ಯಾರೂ ಇಲ್ಲ. 1742ರಲ್ಲಿ ಬ್ರಿಸ್ಟಲ್‌ನಲ್ಲಿ ವೆಸ್ಲಿಯವರ ಜನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಒಂದು ಉಪಾಯ ಮಾಡಿದರು. ಹನ್ನೆರಡು ಜನಕ್ಕೆ ಒಬ್ಬ ಮುಖ್ಯಸ್ಥ, ಅವನು ವಾರವಾರ ಮನೆಮನೆಗೆ ಹೋಗಿ ಒಂದೊಂದು ಪೆನ್ನಿ ತರಬೇಕು. ಮನೆಗೆ ಹೋದಾಗ ಒಳಗಿನ ಕಥೆ ಕಂಡಿತು, ಎಲ್ಲಿ ಕುಡಿತ, ಎಲ್ಲಿ ಜಗಳ. ದುಡ್ಡು ಕೇಳಲು ಹೋದವರು ನೀನು ಹೇಗಿದ್ದೀಯ ಎಂದು ಕೇಳಲು ಶುರು ಮಾಡಿದರು. ಮೆಥೋಡಿಸ್ಟರ ಕ್ಲಾಸ್ ಮೀಟಿಂಗ್ ಹುಟ್ಟಿದ್ದು ಹಾಗೆ. ನಮ್ಮ ಸಭೆಗಳಲ್ಲಿ ಕಾಣಿಕೆ ಉಳಿದಿದೆ, ಆ ಪ್ರಶ್ನೆ ಕಡಿಮೆಯಾಗಿದೆ. ನನಗೆ ಇದು ಬಹಳ ನೋವು. ಮೂರು ಜನ ಸಾಕು. ವಾರಕ್ಕೆ ಒಮ್ಮೆ ಚಹಾ ಕುಡಿಯುತ್ತಾ ಈ ವಾರ ಪಟ್ಟಿ ಹೇಗೆ ಬರೆದೆ ಎಂದು ಕೇಳುವ ಮೂರು ಜನ.

ಗೌಂಡಿ_ಬೀದರ

ಮಾಸ್ತರ್ ಹೇಳಿದ್ದಕ್ಕೆ ಒಂದು ಮಾತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ನಾನು ಹುಡುಗ, ನಮ್ಮ ಮನೆಯೂ ಅಲ್ಲಾಡಿತು. ಕೆಲಸ ಕಲಿತ ಮೇಲೆ ಉಸ್ತಾದ್ ಹೇಳಿದರು, ಅಲ್ಲಿ ಬಿದ್ದದ್ದು ತೆಳು ಗೋಡೆಗಳಲ್ಲ, ಎರಡು ಅಡಿಗಿಂತ ದಪ್ಪದ ಕಲ್ಲಿನ ಗೋಡೆಗಳು. ಮಣ್ಣಿನ ಗಾರೆ, ಈ ಮುಖದಿಂದ ಆ ಮುಖಕ್ಕೆ ಹೋಗುವ ಉದ್ದ ಕಲ್ಲು ಹಾಕಿರಲಿಲ್ಲ. ಒಳಗಿನ ಸಾಲು ಒಳಗೆ, ಹೊರಗಿನ ಸಾಲು ಹೊರಗೆ ಬಿದ್ದವು. ಕಲ್ಲು ಕಲ್ಲನ್ನು ಹಿಡಿದಿರಲಿಲ್ಲ. ಆ ಮೂರು ಜನರಲ್ಲಿ ಫೋನಿನ ಮೇಲೆ ನಾನೂ ಒಬ್ಬ ಎಂದು ಬರೆದುಕೋ ತಮ್ಮಾ.

ತೊಗರಿಕಣಜ (ಕಲಬುರಗಿ)

ಮೂರು ವಾರ ಆಯಿತು, ಏನಾಯಿತು ಎಂದು ಬರೆಯುತ್ತಿದ್ದೇನೆ.

ಅಕ್ಕ ಹೇಳಿದ ಹಾಗೆ ಮೊದಲು ಹೆಂಡತಿಗೆ ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ಅವಳ ಅಪ್ಪನೂ ತೊಗರಿ ಬೆಳೆಯುತ್ತಿದ್ದರು ಎಂದಳು. ನನಗೆ ಅದು ಗೊತ್ತಿತ್ತು, ಆದರೆ ಎರಡನ್ನೂ ಸೇರಿಸಿ ನಾನು ಯಾವತ್ತೂ ನೋಡಿರಲಿಲ್ಲ.

ಸೋಮವಾರ ಸಾಹುಕಾರರ ಹತ್ತಿರ ಹೋಗಿ ನನ್ನ ಕೈಯಿಂದ ಆ ಕಿಲೋ ಬರೆಯಲು ಆಗುವುದಿಲ್ಲ ಎಂದೆ. ಅವರು ಬೈಯಲಿಲ್ಲ. ಎರಡು ದಿನ ಬಿಟ್ಟು ಪಟ್ಟಿ ಪುಸ್ತಕ ನನ್ನಿಂದ ತೆಗೆದು ಬೇರೆ ಹುಡುಗನಿಗೆ ಕೊಟ್ಟರು, ನನಗೆ ರೋಜು ಲೆಕ್ಕ ಮತ್ತು ಬ್ಯಾಂಕ್ ಕೆಲಸ. ಪಗಾರ ಅಷ್ಟೇ ಇದೆ. ಆದರೆ ಕಿಲೋ ಇನ್ನೂ ಹೋಗುತ್ತಿದೆ, ಆ ಹುಡುಗನ ಕೈಯಲ್ಲಿ. ಅವನಿಗೆ 22 ವರ್ಷ. ಇದು ನನಗೆ ನೆಮ್ಮದಿ ಕೊಡುತ್ತಿಲ್ಲ. ಬೇರೆ ಕೆಲಸ ಹುಡುಕುತ್ತಿದ್ದೇನೆ, ಎರಡು ಕಡೆ ಕೇಳಿದ್ದೇನೆ.

ಹೋದ ಸೀಸನ್‌ನಲ್ಲಿ 20 ಕ್ವಿಂಟಲ್ ತಂದಿದ್ದ ಒಬ್ಬ ಹಿರಿಯರು ನೆನಪಿದ್ದರು. 1,600ಕ್ಕೆ ಐದನೇ ಒಂದು ಪಾಲು 320, ಒಟ್ಟು 1,920 ತೆಗೆದುಕೊಂಡು ಅವರ ಊರಿಗೆ ಹೋದೆ. ಅವರು ಮೊದಲು ಹೆದರಿದರು, ಅಂಗಡಿಯವರು ಯಾಕೆ ಬಂದರು ಎಂದು. ಹೇಳಿದ ಮೇಲೆ ದುಡ್ಡು ಎಣಿಸದೆ ಜೇಬಿನಲ್ಲಿಟ್ಟು, ಊಟ ಮಾಡಿಕೊಂಡು ಹೋಗಿ ಎಂದರು. ರೊಟ್ಟಿ, ಪುಂಡಿ ಪಲ್ಯ. ನನಗೆ ತುತ್ತು ಇಳಿಯಲಿಲ್ಲ, ಆದರೂ ತಿಂದೆ. ತಿಂಗಳಿಗೆ ಒಬ್ಬರ ಮನೆಗೆ ಹೋಗಬೇಕು ಎಂದು ಹೆಂಡತಿ ಪಟ್ಟಿ ಮಾಡಿದ್ದಾಳೆ.

ತಾಟು ಎತ್ತುವ ಮೊದಲಿನ ಪ್ರಾರ್ಥನೆ ಮೂರು ವಾರದಲ್ಲಿ ಹನ್ನೆರಡು ದಿನ ಆಗಿದೆ. ಮೊನ್ನೆ ಮಗ ಅಜ್ಜಿಯ ಹೆಸರು ಹೇಳಿ ಪ್ರಾರ್ಥನೆ ಮಾಡಿದ, ನಾನು ಮಕ್ಕಳ ಮುಂದೆಯೇ ಅತ್ತೆ.

ಗೌಂಡಿ ಅಣ್ಣಾ, ನಿನ್ನೆ ಹಿಂದಿನ ಗೋಡೆಯ ಹತ್ತಿರ ಸ್ವಲ್ಪ ಅಗೆದು ನೋಡಿದೆ. ಬಚ್ಚಲ ನೀರು ಇಷ್ಟು ವರ್ಷವೂ ಆ ಗೋಡೆಯ ಬುಡಕ್ಕೇ ಇಳಿಯುತ್ತಿತ್ತು. ಮೂರು ಅಡಿಗೆ ಇನ್ನೂ ಕರಿ ಮಣ್ಣು. ಮುಂದೆ ಅಗೆಯಲಾ, ಅಥವಾ ಮೊದಲು ನೀರು ತಿರುಗಿಸಲಾ?

ಗೌಂಡಿ_ಬೀದರ

ಮೊದಲು ನೀರು ತಿರುಗಿಸು. ಇನ್ನು ಅಗೆಯಬೇಡ, ಗೋಡೆ ಕೂತುಬಿಟ್ಟೀತು. ಶನಿವಾರ ಕೂಲಿ ಬಟವಾಡೆ ಮಾಡಿ ಸಂಜೆಯ ಬಸ್ಸಿಗೆ ಬರುತ್ತೇನೆ, ಭಾನುವಾರ ನಿಮ್ಮ ಚರ್ಚಿಗೆ ಹೋಗಿ ಬಂದು ನೋಡೋಣ.